ಪಿಪ್ ಇನ್‌ಸ್ಟಾಲ್ ಕೊಡುವ ಮೊದಲು: ಪೈಥಾನ್ ಲೈಬ್ರರಿ ಆರಿಸೋದು ಹೇಗೆ?

ಪೈಥಾನ್ ಸುಲಭ ಅಂತ ಎಲ್ಲರೂ ಹೇಳ್ತಾರೆ. ಆ ಸುಲಭದಲ್ಲಿ ಅರ್ಧ ಪಾಲು ಭಾಷೆಯದ್ದಾದರೆ, ಇನ್ನರ್ಧ ಅದರ ಲೈಬ್ರರಿಗಳದ್ದು. ಚಿತ್ರ ತಿದ್ದಬೇಕಾ, ಗ್ರಾಫ್ ಬರೀಬೇಕಾ, ಮುಖ ಗುರುತಿಸಬೇಕಾ, ಯಾರೋ ಪುಣ್ಯಾತ್ಮರು ಆಗಲೇ ಬರೆದಿಟ್ಟಿರ್ತಾರೆ. ಪೈಥಾನ್ ಪ್ಯಾಕೇಜ್ ಇಂಡೆಕ್ಸ್, ಅಂದರೆ ಪೈಪಿಐನಲ್ಲಿ ಇವತ್ತು 5 ಲಕ್ಷಕ್ಕೂ ಹೆಚ್ಚು ಪ್ರಾಜೆಕ್ಟ್‌ಗಳಿವೆ. ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ನಮ್ಮ ಲ್ಯಾಪ್‌ಟಾಪ್‌ಗೆ ಬಂದು ಕೂರುತ್ತೆ.

ತೊಂದರೆ ಇರೋದು ಅಲ್ಲೇ. ಒಂದೇ ಕೆಲಸಕ್ಕೆ ಹತ್ತು ಲೈಬ್ರರಿ ಇದ್ದಾಗ ಯಾವುದನ್ನು ತಗೋಬೇಕು ಅನ್ನೋದನ್ನು ಸಿಲಬಸ್‌ನಲ್ಲಿ ಯಾರೂ ಹೇಳಿಕೊಡಲ್ಲ. ಗಿಟ್‌ಹಬ್‌ನಲ್ಲಿ ಸ್ಟಾರ್ ಜಾಸ್ತಿ ಇರೋದನ್ನೋ, ಯೂಟ್ಯೂಬ್ ವಿಡಿಯೋದಲ್ಲಿ ಮೊದಲು ಕಂಡದ್ದನ್ನೋ, ಸೀನಿಯರ್ ಕೊಟ್ಟ ಕೋಡ್‌ನಲ್ಲಿ ಇದ್ದದ್ದನ್ನೋ ತಗೊಂಡು ಮುಂದೆ ಹೋಗ್ತೀವಿ. ಈ ಲೇಖನದಲ್ಲಿ ಅದಕ್ಕೊಂದು ಕ್ರಮ ನೋಡೋಣ. ಒಂದು ಗಂಟೆ ಸಾಕು.

ಬರೀ ಸಿದ್ಧಾಂತ ಬೇಡ, ಕೈಯಲ್ಲೊಂದು ಕೆಲಸ ಇಟ್ಟುಕೊಳ್ಳೋಣ. ರಾಜ್ಯೋತ್ಸವದ ಸ್ಪರ್ಧೆಗಳಲ್ಲಿ ಭಾಗವಹಿಸಿದ 300 ಜನರಿಗೆ ಪ್ರಮಾಣಪತ್ರ ಕೊಡಬೇಕು ಅಂದುಕೊಳ್ಳಿ. ಹೆಸರುಗಳು ಒಂದು ಎಕ್ಸೆಲ್ ಹಾಳೆಯಲ್ಲಿ ಕನ್ನಡದಲ್ಲೇ ಇವೆ. ಒಬ್ಬೊಬ್ಬರಿಗೂ ಒಂದೊಂದು ಪಿಡಿಎಫ್ ಆಗಬೇಕು. ಹುಡುಕಿದರೆ ನಾಲ್ಕು ಹೆಸರು ಸಿಗ್ತವೆ: ಎಫ್‌ಪಿಡಿಎಫ್, ಎಫ್‌ಪಿಡಿಎಫ್2, ರಿಪೋರ್ಟ್‌ಲ್ಯಾಬ್, ವೀಜಿಪ್ರಿಂಟ್. ನಾಲ್ಕೂ ಮುಕ್ತ ಆಕರದವು, ನಾಲ್ಕೂ ಪಿಡಿಎಫ್ ಮಾಡ್ತವೆ. ಯಾವುದನ್ನು ಆರಿಸೋಣ?

1. ಮೊದಲ ಪ್ರಶ್ನೆ: ಲೈಬ್ರರಿ ಬೇಕೇ ಬೇಕಾ?

ಪೈಥಾನ್ ಜೊತೆಯಲ್ಲೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿ ತುಂಬಾ ದೊಡ್ಡದು. ಸಿಎಸ್‌ವಿ, ಜೇಸನ್, ಎಸ್‌ಕ್ಯೂಲೈಟ್, ದಿನಾಂಕದ ಲೆಕ್ಕ, ಫೈಲ್ ಹುಡುಕಾಟ, ಸರಾಸರಿ ಮಧ್ಯಾಂಕದ ಲೆಕ್ಕ ಎಲ್ಲವೂ ಅದರಲ್ಲೇ ಇವೆ. ನಮ್ಮ ಕೆಲಸದಲ್ಲಿ ಎಕ್ಸೆಲ್ ಓದೋಕೆ ಬೇರೆ ಲೈಬ್ರರಿ ಹಾಕಬೇಕಿಲ್ಲ. ಹಾಳೆಯನ್ನು ಯುಟಿಎಫ್-8 ಸಿಎಸ್‌ವಿಯಾಗಿ ಸೇವ್ ಮಾಡಿದರೆ ಪೈಥಾನ್‌ನ ಸಿಎಸ್‌ವಿ ಮಾಡ್ಯೂಲೇ ಓದುತ್ತೆ. ಒಂದು ಅವಲಂಬನೆ ಅಲ್ಲಿಗೇ ಕಡಿಮೆ ಆಯ್ತು.

ಇದು ಜಿಪುಣತನ ಅನ್ನಿಸಬಹುದು. 2016ರ ಮಾರ್ಚ್‌ನಲ್ಲಿ ಜಾವಾಸ್ಕ್ರಿಪ್ಟ್ ಲೋಕದಲ್ಲಿ ಏನಾಯ್ತು ನೋಡಿ. ಲೆಫ್ಟ್-ಪ್ಯಾಡ್ ಅನ್ನೋ ಪುಟ್ಟ ಪ್ಯಾಕೇಜ್ ಇತ್ತು. ಕೋಡ್ ಬರೀ 11 ಸಾಲು; ಪದದ ಎಡಕ್ಕೆ ಖಾಲಿ ಜಾಗ ತುಂಬುವುದೇ ಅದರ ಕೆಲಸ. ಇನ್ನೊಂದು ಪ್ಯಾಕೇಜಿನ ಹೆಸರಿನ ವಿಷಯದಲ್ಲಿ ಜಗಳವಾಗಿ ಬೇಸತ್ತ ಅದರ ಲೇಖಕ, ಎನ್‌ಪಿಎಂನಿಂದ ತನ್ನೆಲ್ಲ ಪ್ಯಾಕೇಜ್‌ಗಳನ್ನೂ ತೆಗೆದುಬಿಟ್ಟ. ಅವುಗಳ ಜೊತೆ ಲೆಫ್ಟ್-ಪ್ಯಾಡ್ ಕೂಡ ಹೋಯ್ತು. ಅದನ್ನು ನೇರವಾಗಿ ಬಳಸದವರೂ, ಬಾಬೆಲ್‌ನಂಥ ದೊಡ್ಡ ಸಾಧನಗಳ ಮೂಲಕ ಬಳಸುತ್ತಿದ್ದವರೂ ಬಿಲ್ಡ್ ನಿಂತು ಕಂಗಾಲಾದರು. ಕೊನೆಗೆ ಎನ್‌ಪಿಎಂನವರೇ ಅದನ್ನು ವಾಪಸ್ ತರಬೇಕಾಯ್ತು. ಹತ್ತು ಸಾಲಿನಲ್ಲಿ ನಾವೇ ಬರೆಯಬಹುದಾದದ್ದನ್ನು ಬರೆದುಬಿಡೋದೇ ಲೇಸು.

2. ಹೆಸರು ಸರಿಯಾಗಿದೆಯಾ?

ಬೆಳ್ಳಗಿರೋದೆಲ್ಲ ಹಾಲಲ್ಲ. ಜೆಲ್ಲಿಫಿಶ್ ಅನ್ನೋದು ಪದಗಳ ಹೋಲಿಕೆ ಅಳೆಯುವ ಪೈಥಾನ್ ಲೈಬ್ರರಿ. ಅದರ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಎರಡು ಎಲ್ ಅಕ್ಷರಗಳಿವೆ. ಯಾರೋ ಮೊದಲನೇ ಎಲ್ ತೆಗೆದು, ನೋಡೋಕೆ ಹಾಗೇ ಕಾಣುವ ದೊಡ್ಡಕ್ಷರದ ಐ ಹಾಕಿ, ಅದೇ ಹೆಸರಿನಂತೆ ಕಾಣುವ ಇನ್ನೊಂದು ಪ್ಯಾಕೇಜನ್ನು ಪೈಪಿಐಗೆ ಹಾಕಿದ್ದರು. ಅದು ಕದಿಯುತ್ತಿದ್ದದ್ದು ಬಳಸಿದವರ ಕಂಪ್ಯೂಟರಿನಲ್ಲಿದ್ದ ಎಸ್‌ಎಸ್‌ಎಚ್ ಮತ್ತು ಜಿಪಿಜಿ ಕೀಲಿಗಳನ್ನು. 2019ರ ಡಿಸೆಂಬರ್‌ನಲ್ಲಿ ಸಿಕ್ಕಿಬೀಳುವ ಹೊತ್ತಿಗೆ ಅದು ಅಲ್ಲಿ ಸುಮಾರು ಒಂದು ವರ್ಷ ಕೂತಿತ್ತು.

ನೆನಪಿಡಿ: ಕೆಲವು ಪ್ಯಾಕೇಜ್‌ಗಳು ಇನ್‌ಸ್ಟಾಲ್ ಆಗುವ ಹೊತ್ತಲ್ಲೇ ತಮ್ಮ ಕೋಡ್ ಓಡಿಸಬಲ್ಲವು. ಇಂಪೋರ್ಟ್ ಮಾಡುವ ತನಕ ಕಾಯೋದೇ ಇಲ್ಲ.

ಇನ್ನೊಂದು ಗೊಂದಲ ಇದೆ. ಇನ್‌ಸ್ಟಾಲ್ ಮಾಡುವ ಹೆಸರೂ ಇಂಪೋರ್ಟ್ ಮಾಡುವ ಹೆಸರೂ ಒಂದೇ ಆಗಿರಬೇಕು ಅಂತೇನಿಲ್ಲ. ಪಿಲ್ಲೋ ಇನ್‌ಸ್ಟಾಲ್ ಮಾಡಿ ಪಿಐಎಲ್ ಅಂತ ಇಂಪೋರ್ಟ್ ಮಾಡ್ತೀವಿ. ಓಪನ್‌ಸಿವಿ-ಪೈಥಾನ್ ಹಾಕಿ ಸಿವಿ2 ಅಂತ ಕರೀತೀವಿ. ನಮ್ಮ ಪಟ್ಟಿಯಲ್ಲೇ ನೋಡಿ: ಎಫ್‌ಪಿಡಿಎಫ್ ಮತ್ತು ಎಫ್‌ಪಿಡಿಎಫ್2 ಬೇರೆ ಬೇರೆ ಪ್ಯಾಕೇಜ್‌ಗಳು, ಆದರೆ ಇಂಪೋರ್ಟ್ ಮಾಡುವ ಹೆಸರು ಎರಡಕ್ಕೂ ಎಫ್‌ಪಿಡಿಎಫ್ ಅಂತಲೇ. ಎರಡನ್ನೂ ಒಟ್ಟಿಗೆ ಹಾಕಿದರೆ ಒಂದರ ಫೈಲ್ ಮೇಲೆ ಇನ್ನೊಂದರ ಫೈಲ್ ಕೂತು, ಯಾವ ಕೋಡ್ ಓಡ್ತಿದೆ ಅನ್ನೋದೇ ತಿಳಿಯದ ಹಾಗಾಗುತ್ತೆ.

ಹಾಗಾಗಿ ಹೆಸರನ್ನು ಊಹಿಸಿ ಟೈಪ್ ಮಾಡಬೇಡಿ. ಲೈಬ್ರರಿಯ ಅಧಿಕೃತ ದಾಖಲೆಗೆ ಹೋಗಿ ಅಲ್ಲಿರುವ ಸಾಲನ್ನೇ ನಕಲು ಮಾಡಿ. ಚಾಟ್‌ಬಾಟ್ ಹೇಳಿದ ಹೆಸರಿಗೂ ಇದೇ ನಿಯಮ. ಇಲ್ಲದ ಪ್ಯಾಕೇಜಿನ ಹೆಸರನ್ನು ಅದು ಇದೆ ಅನ್ನುವ ಹಾಗೆ ಹೇಳಿಬಿಡಬಲ್ಲದು, ಅಂಥ ಹೆಸರನ್ನು ಮೊದಲೇ ನೋಂದಾಯಿಸಿಕೊಂಡು ಕೇಡಿಗರು ಕಾಯಬಲ್ಲರು.

3. ಜೀವ ಇದೆಯಾ?

ಪೈಪಿಐನಲ್ಲಿ ಪ್ರತಿ ಪ್ಯಾಕೇಜಿಗೂ ಬಿಡುಗಡೆಯ ಇತಿಹಾಸ ಇರುತ್ತೆ. ಅದನ್ನು ತೆರೆದು ಕೊನೆಯ ದಿನಾಂಕ ನೋಡೋಕೆ ಹತ್ತು ಸೆಕೆಂಡ್ ಸಾಕು.

ಹಳೆಯ ಟ್ಯುಟೋರಿಯಲ್‌ಗಳಲ್ಲಿ ಇಂದಿಗೂ ಪೈಕ್ರಿಪ್ಟೊ ಹಾಕಿಕೊಳ್ಳಿ ಅಂತ ಇರುತ್ತೆ. ಅದರ ಕೊನೆಯ ಆವೃತ್ತಿ ಬಂದದ್ದು 2013ರಲ್ಲಿ. ಆಮೇಲೆ ಅದರಲ್ಲಿ ಬಫರ್ ಓವರ್‌ಫ್ಲೋ ದೋಷ ಇರೋದು ಬಯಲಾಯ್ತು, ಆದರೆ ಸರಿಪಡಿಸಿದ ಹೊಸ ಆವೃತ್ತಿ ಪೈಪಿಐಗೆ ಬರಲೇ ಇಲ್ಲ. ಗುಪ್ತಲಿಪಿಯ ಲೈಬ್ರರಿಯಲ್ಲೇ ತೂತು ಇದ್ದರೆ ಪ್ರಾಜೆಕ್ಟಿನ ಶೀರ್ಷಿಕೆಯಲ್ಲಿ "ಸೆಕ್ಯೂರ್" ಅಂತ ಬರೆದು ಏನು ಪ್ರಯೋಜನ? ಅದರ ಜಾಗಕ್ಕೆ ಪೈಕ್ರಿಪ್ಟೊಡೋಮ್ ಬಂದಿದೆ. ಚಿತ್ರಗಳ ಲೈಬ್ರರಿ ಪಿಐಎಲ್ ಕಥೆಯೂ ಇದೇ. 2009ರ ನಂತರ ಅದು ಮುಂದುವರಿಯಲಿಲ್ಲ. 2010ರಲ್ಲಿ ಅದರಿಂದಲೇ ಕವಲೊಡೆದ ಪಿಲ್ಲೋ ಇಂದಿಗೂ ಚುರುಕಾಗಿದೆ. ಆಕರ ಮುಕ್ತವಾಗಿದ್ದರ ಲಾಭ ಅದು: ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಳ್ಳಬಹುದು.

ನಮ್ಮ ಪಟ್ಟಿಗೆ ಬನ್ನಿ. ಎಫ್‌ಪಿಡಿಎಫ್‌ಗೆ 2015ರ ನಂತರ ಹೊಸ ಆವೃತ್ತಿ ಇಲ್ಲ. ಅದನ್ನು ಮುಂದುವರಿಸಿದವರದ್ದೇ ಎಫ್‌ಪಿಡಿಎಫ್2. ಅಂದ ಮೇಲೆ ಮೊದಲನೆಯದನ್ನು ಈಗಲೇ ಪಟ್ಟಿಯಿಂದ ತೆಗೆಯಬಹುದು. ಉಳಿದದ್ದು ಮೂರು.

ಒಂದು ಎಚ್ಚರಿಕೆ. ದಿನಾಂಕ ಹಳೆಯದು ಅಂದ ಮಾತ್ರಕ್ಕೆ ಲೈಬ್ರರಿ ಸತ್ತಿದೆ ಅನ್ನೋಕಾಗಲ್ಲ. ಚಿಕ್ಕ ಕೆಲಸ ಮಾಡುವ ಲೈಬ್ರರಿ ಒಮ್ಮೆ ಸರಿಯಾಗಿ ಮುಗಿದರೆ ಮತ್ತೆ ಮುಟ್ಟಬೇಕಾಗಿಲ್ಲ. ಆಗ ಇಶ್ಯೂ ಪುಟ ನೋಡಿ. ಬಳಸುವವರು ವರದಿ ಮಾಡಿದ ದೋಷಗಳಿಗೆ ಉತ್ತರ ಬರ್ತಿದೆಯಾ? ನೀವು ಬಳಸುವ ಪೈಥಾನ್ ಆವೃತ್ತಿಗೆ ಹೊಂದುತ್ತೆ ಅಂತ ಬರೆದಿದ್ದಾರಾ? ಉತ್ತರವೇ ಇಲ್ಲದ ದೂರುಗಳು ವರ್ಷಗಟ್ಟಲೆ ರಾಶಿ ಬಿದ್ದಿದ್ದರೆ ಮನೆಯಲ್ಲಿ ಯಾರೂ ಇಲ್ಲ ಅಂತ ಅರ್ಥ.

4. ಹಿಂದೆ ಯಾರಿದ್ದಾರೆ?

"ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಅನ್ನೋ ಗಾದೆ ಮುಕ್ತ ತಂತ್ರಾಂಶ ಬರೆಯುವವರಿಗೇ ಹೇಳಿದ ಹಾಗಿದೆ. ಬಹಳಷ್ಟು ಲೈಬ್ರರಿಗಳನ್ನು ಒಬ್ಬರೋ ಇಬ್ಬರೋ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ನೋಡಿಕೊಳ್ತಾರೆ. ಒಂದು ದಿನ ಅವರಿಗೂ ಸಾಕಾಗುತ್ತೆ.

2018ರಲ್ಲಿ ಎನ್‌ಪಿಎಂನ ಇವೆಂಟ್-ಸ್ಟ್ರೀಮ್ ಎಂಬ ಪ್ಯಾಕೇಜಿಗೆ ಆದದ್ದು ಅದೇ. ಅದನ್ನು ತಾನೇ ಬಳಸದೆ ಬಹಳ ಕಾಲವಾಗಿದ್ದ ಮೂಲ ಲೇಖಕ, ಸಹಾಯ ಮಾಡ್ತೀನಿ ಅಂತ ಬಂದ ಅಪರಿಚಿತನ ಕೈಗೆ ಜವಾಬ್ದಾರಿ ಕೊಟ್ಟ. ಆ ಅಪರಿಚಿತ ಅದರೊಳಗೆ ಇನ್ನೊಂದು ಪ್ಯಾಕೇಜ್ ಸೇರಿಸಿದ. ಒಂದು ಬಿಟ್‌ಕಾಯಿನ್ ವಾಲೆಟ್‌ನಿಂದ ಕದಿಯೋದಕ್ಕೇ ಅದನ್ನು ಬರೆದಿದ್ದರು. ಆ ಲೈಬ್ರರಿಗೆ ಸ್ಟಾರ್‌ಗಳಿಗೇನೂ ಕೊರತೆ ಇರಲಿಲ್ಲ.

ಆದ್ದರಿಂದ ಸ್ಟಾರ್ ಎಣಿಸುವ ಬದಲು ಜನರನ್ನು ಎಣಿಸಿ. ಕಳೆದ ಒಂದು ವರ್ಷದಲ್ಲಿ ಕೋಡ್ ಬದಲಿಸಿದವರು ಎಷ್ಟು ಮಂದಿ? ಎಲ್ಲ ಬದಲಾವಣೆಯೂ ಒಬ್ಬರದ್ದೇ ಆಗಿದ್ದರೆ ತಪ್ಪೇನಿಲ್ಲ, ಆದರೆ ಅದು ನಿಮಗೆ ಗೊತ್ತಿರಬೇಕು.

5. ಲೈಸೆನ್ಸ್ ಏನು ಹೇಳುತ್ತೆ?

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಮುಕ್ತ ಅಂದರೆ ಪುಕ್ಕಟೆ, ಏನು ಬೇಕಾದರೂ ಮಾಡಬಹುದು ಅಂತಲ್ಲ. ಸ್ಥೂಲವಾಗಿ ನಾಲ್ಕು ಬಗೆ:

ಎಂಐಟಿ, ಬಿಎಸ್‌ಡಿ, ಅಪಾಚೆ: ಹೆಸರನ್ನೂ ಲೈಸೆನ್ಸ್ ಪಠ್ಯವನ್ನೂ ಉಳಿಸಿಕೊಂಡು ಬಹುತೇಕ ಏನು ಬೇಕಾದರೂ ಮಾಡಿ.

ಎಲ್‌ಜಿಪಿಎಲ್: ಲೈಬ್ರರಿಯನ್ನು ಇದ್ದ ಹಾಗೇ ಬಳಸಿದರೆ ನಿಮ್ಮ ಕೋಡ್ ನಿಮ್ಮದೇ. ಲೈಬ್ರರಿಯನ್ನೇ ತಿದ್ದಿ ಹಂಚಿದರೆ ಆ ತಿದ್ದುಪಡಿಯನ್ನೂ ಕೊಡಬೇಕು.

ಜಿಪಿಎಲ್: ಅದನ್ನು ಸೇರಿಸಿಕೊಂಡ ನಿಮ್ಮ ಪ್ರೋಗ್ರಾಮನ್ನು ಹಂಚುವಾಗ ಅದರ ಮೂಲ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕು.

ಎಜಿಪಿಎಲ್: ಇನ್ನೂ ಒಂದು ಹೆಜ್ಜೆ ಮುಂದೆ. ತಿದ್ದಿದ ಪ್ರೋಗ್ರಾಮನ್ನು ಹಂಚದೆ, ಸರ್ವರ್‌ನಲ್ಲಿಟ್ಟು ಜನರಿಗೆ ಸೇವೆ ಕೊಟ್ಟರೂ ಮೂಲ ಕೋಡ್ ಸಿಗುವಂತಿರಬೇಕು.

ಕ್ಯಾಂಪಸ್‌ನಲ್ಲಿ ಇದು ಎಲ್ಲಿ ಬರುತ್ತೆ ಅಂತೀರಾ? ಹೆಲ್ಮೆಟ್ ಗುರುತಿಸುವ, ರಸ್ತೆ ಗುಂಡಿ ಗುರುತಿಸುವ ಪ್ರಾಜೆಕ್ಟ್‌ಗಳಲ್ಲಿ ಯೋಲೋ ಬಳಸೋದು ಮಾಮೂಲು. ಅಲ್ಟ್ರಾಲಿಟಿಕ್ಸ್‌ನವರ ಯೋಲೋ8ರ ಲೈಸೆನ್ಸ್ ಎಜಿಪಿಎಲ್. ಆ ಷರತ್ತು ಬೇಡವಾದರೆ ದುಡ್ಡು ಕೊಟ್ಟು ಬೇರೆ ಲೈಸೆನ್ಸ್ ಪಡೀಬೇಕು. ಲ್ಯಾಬ್‌ನ ಡೆಮೊಗೆ ಇದರಿಂದ ತೊಡಕಿಲ್ಲ. ಅದೇ ಪ್ರಾಜೆಕ್ಟನ್ನು ಸ್ಟಾರ್ಟಪ್ ಮಾಡ್ತೀನಿ ಅಂತ ಹೊರಟಾಗ ಇದೇ ಮೊದಲ ಪ್ರಶ್ನೆಯಾಗುತ್ತೆ. ಪದಗಳನ್ನು ಹೋಲಿಸುವ ಫಜಿವಜಿ ಜಿಪಿಎಲ್ ಆಗಿತ್ತು. ಅದೇ ಕೆಲಸಕ್ಕೆ ಎಂಐಟಿ ಲೈಸೆನ್ಸ್‌ನ ರ್‍ಯಾಪಿಡ್‌ಫಜ್ ಬಂತು. ಅಂದರೆ ಲೈಸೆನ್ಸ್ ಕಾರಣಕ್ಕೇ ಜನ ಹೊಸ ಲೈಬ್ರರಿ ಬರೀತಾರೆ ಅಂತಾಯ್ತು.

ಗಿಟ್‌ಹಬ್‌ನಲ್ಲಿ ಕೋಡ್ ಇದೆ, ಆದರೆ ಲೈಸೆನ್ಸ್ ಫೈಲೇ ಇಲ್ಲ ಅಂದರೆ? ಕಣ್ಣಿಗೆ ಕಾಣುತ್ತೆ ಅಷ್ಟೇ, ಬಳಸೋಕೆ ಅನುಮತಿ ಸಿಕ್ಕಿಲ್ಲ.

ನಮ್ಮ ಮೂರರಲ್ಲಿ ರಿಪೋರ್ಟ್‌ಲ್ಯಾಬ್, ವೀಜಿಪ್ರಿಂಟ್ ಎರಡೂ ಬಿಎಸ್‌ಡಿ, ಎಫ್‌ಪಿಡಿಎಫ್2 ಎಲ್‌ಜಿಪಿಎಲ್. ಪ್ರಮಾಣಪತ್ರದ ಕೆಲಸಕ್ಕೆ ಮೂರೂ ನಡೆಯುತ್ತವೆ.

6. ಜೊತೆಗೆ ಏನೇನು ಬರುತ್ತೆ?

ಒಬ್ಬರನ್ನು ಊಟಕ್ಕೆ ಕರೆದರೆ ಅವರ ಜೊತೆ ಎಷ್ಟು ಜನ ಬರ್ತಾರೆ ಅಂತ ಕೇಳ್ಕೋತೀವಲ್ಲ, ಹಾಗೆ. ಪಿಪ್‌ಗೆ ಡ್ರೈ-ರನ್ ಅನ್ನೋ ಆಯ್ಕೆ ಇದೆ. ಏನೇನು ಇನ್‌ಸ್ಟಾಲ್ ಆಗುತ್ತೆ ಅನ್ನೋದನ್ನು ಮೊದಲೇ ಪಟ್ಟಿ ಮಾಡಿ ತೋರಿಸುತ್ತೆ. ಎಫ್‌ಪಿಡಿಎಫ್2ಗೆ ಪಿಲ್ಲೋ, ಫಾಂಟ್‌ಟೂಲ್ಸ್, ಡಿಫ್ಯೂಸ್ಡ್‌ಎಕ್ಸ್‌ಎಂಎಲ್ ಬೇಕು. ಮೂರೂ ಪಿಪ್‌ನಿಂದಲೇ ಬರ್ತವೆ.

ಪಿಪ್ ತರಲಾರದ ಅವಲಂಬನೆಗಳೂ ಇರ್ತವೆ. ವೀಜಿಪ್ರಿಂಟ್‌ಗೆ ಪ್ಯಾಂಗೋ ಎಂಬ ಅಕ್ಷರ ಜೋಡಣೆಯ ತಂತ್ರಾಂಶ ಬೇಕು. ಲಿನಕ್ಸ್‌ನಲ್ಲಿ ಅದು ಸುಲಭ, ವಿಂಡೋಸ್‌ನಲ್ಲಿ ಸ್ವಲ್ಪ ಪಾಡು ಪಡಬೇಕು. ಚಿತ್ರದಲ್ಲಿನ ಅಕ್ಷರ ಓದುವ ಪೈಟೆಸರಾಕ್ಟ್ ಕೂಡ ಹೀಗೇ. ಅದು ಬರೀ ಕೊಂಡಿ, ಅಸಲಿ ಟೆಸರಾಕ್ಟ್ ಎಂಜಿನ್ ಬೇರೆಯಾಗಿ ಹಾಕಬೇಕು, ಕನ್ನಡದ ಡೇಟಾ ಫೈಲ್ ಅದಕ್ಕೂ ಬೇರೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿದ್ದು ಅಡ್ಮಿನ್ ಅನುಮತಿ ಇಲ್ಲದ ಲ್ಯಾಬ್ ಕಂಪ್ಯೂಟರಿನಲ್ಲಿ ಓಡದೆ, ಡೆಮೊ ದಿನ ಪರೀಕ್ಷಕರ ಮುಂದೆ ಕೈ ಕೊಡೋದು ಇಂಥ ಕಡೆಯೇ.

7. ನಿಮ್ಮದೇ ಡೇಟಾ ಕೊಟ್ಟು ನೋಡಿ

ಇಲ್ಲಿಯ ತನಕ ಹೇಳಿದ್ದೆಲ್ಲ ಹೊರಗಿನ ಲಕ್ಷಣಗಳು. ಲಕ್ಷಾಂತರ ಜನ ಒಂದು ಲೈಬ್ರರಿ ಬಳಸ್ತಾರೆ ಅಂದರೆ ಅವರ ಕೆಲಸಕ್ಕೆ ಅದು ಒಗ್ಗಿದೆ ಅಂತಷ್ಟೇ ಗೊತ್ತಾಗುತ್ತೆ. ನಮ್ಮ ಕೆಲಸಕ್ಕೆ ಒಗ್ಗುತ್ತಾ? ಇದನ್ನು ನಾವೇ ನೋಡಬೇಕು.

ಕನ್ನಡದಲ್ಲಿ ಇದು ಯಾಕೆ ಮುಖ್ಯ ಅಂತ ಹೇಳ್ತೀನಿ. "ಕನ್ನಡ" ಅನ್ನೋ ಪದ ನಮಗೆ ಮೂರಕ್ಷರ. ಪೈಥಾನ್‌ನಲ್ಲಿ ಅದರ ಉದ್ದ ಕೇಳಿದರೆ 5 ಅನ್ನುತ್ತೆ. ಯುನಿಕೋಡ್‌ನಲ್ಲಿ ಕ, ನ, ವಿರಾಮ ಚಿಹ್ನೆ, ಮತ್ತೊಂದು ನ, ಡ ಅಂತ ಐದು ಸಂಕೇತಗಳಿರುತ್ತವೆ. "ಜ್ಯೋತ್ಸ್ನಾ" ಓದೋಕೆ ಎರಡಕ್ಷರ, ಪೈಥಾನ್ ಲೆಕ್ಕದಲ್ಲಿ 10. ಈ ಸಂಕೇತಗಳನ್ನು ಒತ್ತಕ್ಷರ, ಗುಣಿತಾಕ್ಷರಗಳಾಗಿ ಜೋಡಿಸುವ ಕೆಲಸಕ್ಕೆ ಶೇಪಿಂಗ್ ಅಂತಾರೆ. ಇಂಗ್ಲಿಷ್‌ಗೆ ಅದರ ಅಗತ್ಯ ಅಷ್ಟಾಗಿ ಇಲ್ಲದ ಕಾರಣ ಎಷ್ಟೋ ಲೈಬ್ರರಿಗಳು ಒಂದು ಸಂಕೇತಕ್ಕೆ ಒಂದು ಆಕಾರ ಅಂತ ಸಾಲಾಗಿ ಅಚ್ಚು ಹಾಕಿಬಿಡ್ತವೆ. ಆಗ "ಲಕ್ಷ್ಮಿ" ಲ, ಕ, ಷ, ಮ ಆಗಿ ಚೂರಾಗುತ್ತೆ. ವಿರಾಮ ಚಿಹ್ನೆಗಳು, ಗುಣಿತ ಅತ್ತಿತ್ತ ಬಿದ್ದಿರ್ತವೆ. ಎರರ್ ಬರಲ್ಲ. ಪ್ರೋಗ್ರಾಂ ಯಶಸ್ವಿಯಾಗಿ ಮುಗಿಯುತ್ತೆ, 300 ಪಿಡಿಎಫ್ ತಯಾರಾಗ್ತವೆ, ಎಲ್ಲರ ಹೆಸರೂ ತಪ್ಪಾಗಿರುತ್ತೆ.

ಆದ್ದರಿಂದ ಪರೀಕ್ಷೆಗೆ "ರಮ" "ಕಮಲ" ಕೊಡಬೇಡಿ, ಅವು ಎಲ್ಲದರಲ್ಲೂ ಪಾಸಾಗ್ತವೆ. ಕಷ್ಟದ ಹೆಸರುಗಳ ಪುಟ್ಟ ಪಟ್ಟಿ ಮಾಡಿ:

ಲಕ್ಷ್ಮಿ, ಜ್ಯೋತ್ಸ್ನಾ: ಒತ್ತಿನ ಮೇಲೆ ಒತ್ತು ಬರುವವು.
ಕೃಷ್ಣ: ಋಕಾರದ ಗುಣಿತ.
ಸೂರ್ಯ, ಕೀರ್ತಿ: ಅರ್ಕಾವತ್ತು.
ರ್‍ಯಾಂಕ್: ಅರ್ಕಾವತ್ತು ಆಗಬಾರದ ರ. ಇದರೊಳಗೆ ಜೀರೋ ವಿಡ್ತ್ ಜಾಯಿನರ್ ಎಂಬ ಕಣ್ಣಿಗೆ ಕಾಣದ ಸಂಕೇತ ಇರುತ್ತೆ. ಕೆಲವು ಕಡೆ ಅದೊಂದು ಖಾಲಿ ಚೌಕವಾಗಿ ಕಾಣಿಸಿಕೊಳ್ಳುತ್ತೆ.
ವಿಶ್ವೇಶ್ವರಯ್ಯ: ಉದ್ದದ ಹೆಸರು, ಚೌಕಟ್ಟು ಮೀರುತ್ತಾ ನೋಡೋಕೆ.

ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಬರೆದು, ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿ, ಈ ಹೆಸರುಗಳನ್ನು ಮೂರೂ ಲೈಬ್ರರಿಗೆ ಕೊಡಿ. ಎಫ್‌ಪಿಡಿಎಫ್2ರಲ್ಲಿ ಸುಮ್ಮನೆ ಬರೆದರೆ ಅಕ್ಷರ ಒಡೆಯುತ್ತೆ. ಯುಹಾರ್ಫ್‌ಬಜ್ ಎಂಬ ಇನ್ನೊಂದು ಪ್ಯಾಕೇಜ್ ಸೇರಿಸಿ, ಟೆಕ್ಸ್ಟ್ ಶೇಪಿಂಗ್ ಅನ್ನೋ ಆಯ್ಕೆ ಆನ್ ಮಾಡಿದರೆ ಒತ್ತುಗಳು ತಮ್ಮ ಜಾಗಕ್ಕೆ ಬರ್ತವೆ. ವೀಜಿಪ್ರಿಂಟ್‌ನಲ್ಲಿ ಪ್ಯಾಂಗೋ ಇರೋದರಿಂದ ಜೋಡಣೆ ತಾನಾಗೇ ಆಗುತ್ತೆ. ರಿಪೋರ್ಟ್‌ಲ್ಯಾಬ್ ಬಹಳ ಪ್ರಬುದ್ಧವಾದ ಲೈಬ್ರರಿ, ಕೋಷ್ಟಕ ಚಾರ್ಟುಗಳಿಗೆ ಬಲು ಚೆನ್ನ. ಆದರೆ ಅದರಲ್ಲಿ ಭಾರತೀಯ ಲಿಪಿಗಳ ಜೋಡಣೆ ಬಹುಕಾಲ ಇರಲೇ ಇಲ್ಲ, ಹಳೆಯ ಉದಾಹರಣೆಗಳನ್ನು ನಕಲು ಮಾಡಿದರೆ ಕನ್ನಡ ಒಡೆದೇ ಬರುತ್ತೆ. ಪಿಲ್ಲೋದಲ್ಲಿ ಚಿತ್ರದ ಮೇಲೆ ಕನ್ನಡ ಬರೆಯುವವರಿಗೂ ಒಂದು ಮಾತು: ಅಲ್ಲಿ ರಾಕ್ಮ್ ಎಂಬ ಜೋಡಣೆಯ ಸೌಲಭ್ಯ ನಿಮ್ಮ ಕಂಪ್ಯೂಟರಿನಲ್ಲಿ ಕೆಲಸ ಮಾಡ್ತಿದೆಯಾ ಅಂತ ಮೊದಲು ಖಚಿತಪಡಿಸಿಕೊಳ್ಳಿ.

ಹಾಗಾದರೆ ಗೆದ್ದವರು ಯಾರು? ವಿಂಡೋಸ್ ಲ್ಯಾಬ್, ಅಡ್ಮಿನ್ ಅನುಮತಿ ಇಲ್ಲ, ಸರಳ ವಿನ್ಯಾಸ ಸಾಕು ಅನ್ನುವವರಿಗೆ ಎಫ್‌ಪಿಡಿಎಫ್2 ಮತ್ತು ಯುಹಾರ್ಫ್‌ಬಜ್. ಲಿನಕ್ಸ್ ಇದೆ, ಪ್ರಮಾಣಪತ್ರದ ವಿನ್ಯಾಸ ಎಚ್‌ಟಿಎಂಎಲ್-ಸಿಎಸ್‌ಎಸ್‌ನಲ್ಲಿ ಅಂದವಾಗಿ ಮಾಡಬೇಕು ಅನ್ನುವವರಿಗೆ ವೀಜಿಪ್ರಿಂಟ್. ಉತ್ತರ ಕೆಲಸದ ಮೇಲೆ ನಿಂತಿದೆ.

8. ಆರಿಸಿದ ಮೇಲೆ

ಪ್ರತಿ ಪ್ರಾಜೆಕ್ಟಿಗೂ ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ. ಪರೀಕ್ಷಿಸಿದ ಆವೃತ್ತಿಯ ಸಂಖ್ಯೆಯನ್ನೇ ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಬರೆದಿಡಿ, ಆಗ ಮುಂದಿನ ಸೆಮಿಸ್ಟರಿನಲ್ಲೂ ಅದೇ ಸಿಗುತ್ತೆ. ಪಿಪ್-ಆಡಿಟ್ ಓಡಿಸಿದರೆ ಈಗಾಗಲೇ ಗೊತ್ತಿರುವ ಭದ್ರತಾ ದೋಷಗಳನ್ನು ತೋರಿಸುತ್ತೆ. ಲೈಬ್ರರಿಯ ಕರೆಗಳನ್ನು ಕೋಡಿನ ತುಂಬಾ ಹರಡದೆ "ಪ್ರಮಾಣಪತ್ರ ಮಾಡು" ಎಂಬ ಒಂದೇ ಫಂಕ್ಷನ್‌ನಲ್ಲಿ ಇಡಿ. ನಾಳೆ ಲೈಬ್ರರಿ ಬದಲಿಸಬೇಕಾದರೆ ಅಲ್ಲೊಂದು ಕಡೆ ಬದಲಿಸಿದರೆ ಸಾಕು.

ಈ ಎಂಟರಲ್ಲಿ ನೀವು ಕಂಡುಕೊಂಡದ್ದನ್ನು ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಒಂದು ಪುಟದ ಕೋಷ್ಟಕವಾಗಿ ಹಾಕಿ. ವೈವಾದಲ್ಲಿ "ಇದೇ ಲೈಬ್ರರಿ ಯಾಕೆ?" ಅಂತ ಕೇಳಿದಾಗ "ಎಲ್ಲರೂ ಇದನ್ನೇ ಬಳಸ್ತಾರೆ ಸರ್" ಅನ್ನೋದಕ್ಕಿಂತ ಒಳ್ಳೆಯ ಉತ್ತರ ನಿಮ್ಮ ಕೈಯಲ್ಲಿರುತ್ತೆ.

ಕೊನೆಯದಾಗಿ ಒಂದು ಮಾತು. ನೀವು ಆರಿಸಿದ ಲೈಬ್ರರಿಯಲ್ಲಿ ಕನ್ನಡ ಒಡೆದರೆ ಬೈದುಕೊಂಡು ಬಿಟ್ಟುಬಿಡಬೇಡಿ. ಅದನ್ನು ನೋಡಿಕೊಳ್ಳುವವರಿಗೆ ಕನ್ನಡ ಓದೋಕೆ ಬರೋದು ಅಪರೂಪ. ಅವರ ಎಲ್ಲ ಪರೀಕ್ಷೆಗಳೂ ಪಾಸಾಗಿರ್ತವೆ, "ಲಕ್ಷ್ಮಿ" ಒಡೆದದ್ದು ಮಾತ್ರ ಅವರ ಕಣ್ಣಿಗೆ ಬೀಳೋದೇ ಇಲ್ಲ. ಐದು ಸಾಲಿನ ಕೋಡ್, ಹೇಗೆ ಬರ್ತಿದೆ ಅನ್ನೋ ಒಂದು ಚಿತ್ರ, ಹೇಗೆ ಬರಬೇಕು ಅನ್ನೋ ಇನ್ನೊಂದು ಚಿತ್ರ, ಯಾವ ಆವೃತ್ತಿ ಅನ್ನೋ ವಿವರ, ಇಷ್ಟನ್ನು ಸೇರಿಸಿ ಸೌಜನ್ಯದಿಂದ ಒಂದು ಇಶ್ಯೂ ಹಾಕಿ. ಅದು ಸರಿಹೋದರೆ ಮುಂದಿನ ವರ್ಷ ಪ್ರಮಾಣಪತ್ರ ಮಾಡುವ ಜೂನಿಯರ್‌ಗೆ ಈ ಪಾಡಿರಲ್ಲ.